ಮೊಟ್ಟೆ ವ್ಯಾಪಾರಿಯ ಕಬ್ಬಿಣದ ಬಂಪರ್

"ಗುರುಗಳೇ, ಯಾರು ಏನೆಂದರೂ ತಾಗದಂಥ ಮನಸ್ಸನ್ನು ಮಾಡಿಕೊಳ್ಳುವುದು ಹೇಗೆ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠದ ದಾಸೋಹದ ಉಸ್ತುವಾರಿ ನೋಡಿಕೊಳ್ಳುವ ಶಿಷ್ಯ. ಹಿಂದಿನ ದಿನ ಊಟಕ್ಕೆ ಕುಳಿತ ಭಕ್ತರೊಬ್ಬರು ಸಾರಿನಲ್ಲಿ ಬೆರಳು ಅದ್ದಿ ನೋಡಿ, "ಇದು ಸಾರೋ, ಬೇಳೆ ತೊಳೆದ ನೀರೋ?" ಎಂದಿದ್ದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಇನ್ನು ಮೇಲೆ ಯಾರೊಂದಿಗೂ ನಗುವುದಿಲ್ಲ, ಯಾರನ್ನೂ ವಿಚಾರಿಸುವುದಿಲ್ಲ, ಬಡಿಸುವುದು, ಬಕೆಟ್ಟು ಎತ್ತಿಕೊಂಡು ಬರುವುದು, ಅಷ್ಟೇ ಎಂದು ಮರುಳಸಿದ್ಧ ನಿಶ್ಚಯಿಸಿಕೊಂಡಿದ್ದ. ಅದಕ್ಕೆ ಗುರುಗಳ ಒಪ್ಪಿಗೆಯೊಂದು ಬೇಕಾಗಿತ್ತು.

"ಕೂತುಕೋ. ಮೊಟ್ಟೆ ವ್ಯಾಪಾರಿಯೊಬ್ಬನ ಕತೆ ಹೇಳುತ್ತೇನೆ" ಎಂದರು ಗುರುಗಳು. ಮರುಳಸಿದ್ಧನ ಮುಖ ಹುಳ್ಳಗಾಯಿತು. "ಮಠದಲ್ಲಿ ಮೊಟ್ಟೆಯೇ ಎಂದು ಮೂಗು ಮುರಿಯಬೇಡ. ನಾನು ಹೇಳುತ್ತೇನೆ, ನೀನು ಕೇಳುತ್ತೀಯ. ಇಬ್ಬರೂ ತಿನ್ನುವುದಿಲ್ಲವಲ್ಲ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ಮೊಟ್ಟೆ ವ್ಯಾಪಾರಿ ಇದ್ದ. ಕೋಳಿ ಫಾರಂನಿಂದ ಮೊಟ್ಟೆ ತಂದು ಸುತ್ತಲಿನ ಊರುಗಳ ಅಂಗಡಿಗಳಿಗೆ ಹಾಕುವುದು ಅವನ ಕಸುಬು. ಗಾಡಿಯ ತಳಕ್ಕೆ ಭತ್ತದ ಹುಲ್ಲು ಹಾಸುವುದು, ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟುವುದು, ಅಂಗಡಿ ಬಂದಾಗ ಇಳಿದು ಎಣಿಸಿ ಕೊಡುವುದು ಅವನ ಹೆಂಡತಿಯ ಕೆಲಸ. ಮನೆಯಲ್ಲಿ ಅತ್ತೆ ಮಾತಾಡುತ್ತಿದ್ದಳು, ನಾದಿನಿ ಮಾತಾಡುತ್ತಿದ್ದಳು, ಅವರಿಬ್ಬರೂ ಸುಮ್ಮನಾದರೆ ಟಿ.ವಿ. ಮಾತಾಡುತ್ತಿತ್ತು. ಹಾಗಾಗಿ ಗಂಡ ಹೆಂಡಿರ ಮಾತು, ಮುನಿಸು, ನಗು ಎಲ್ಲವೂ ಗಾಡಿಯಲ್ಲೇ. ಅವನು ಸ್ಟಿಯರಿಂಗ್ ಹಿಡಿದಿರುತ್ತಿದ್ದ, ಅವಳು ಪಕ್ಕದ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಊರಿನವರ ಸುದ್ದಿ ಹೇಳುತ್ತಿದ್ದಳು. ಆ ಎರಡು ಸೀಟಿನ ಅಗಲವೇ ಅವನ ಸಂಸಾರ. ಅದು ಅವನಿಗೆ ಗೊತ್ತಿರಲಿಲ್ಲ. ಇರುವಾಗ ಯಾರಿಗೆ ತಾನೇ ಗೊತ್ತಿರುತ್ತದೆ?

ವ್ಯಾಪಾರ ಕೈ ಹಿಡಿಯಿತು. ಹಳೆಯ ಗಾಡಿ ಕೊಟ್ಟು ಹೊಸ ಪಿಕಪ್ ಗಾಡಿ ತಂದ. ತಂದ ವಾರದಲ್ಲೇ ಸಂತೆಯ ಬಾಯಲ್ಲಿ ಒಂದು ಎಮ್ಮೆ ಅದರ ಮೂತಿಗೆ ಗುದ್ದಿತು. ಎಮ್ಮೆಗೆ ಗಾಡಿಯ ಮೇಲೆ ಹಗೆಯೇನೂ ಇರಲಿಲ್ಲ, ಬೆನ್ನಿನ ಮೇಲೆ ಕೂತ ನೊಣದ ಮೇಲಿತ್ತು. ತಿರುಗಿದ ರಭಸಕ್ಕೆ ಬಂಪರ್ ಸೀಳಿತು, ಅದರ ಮೇಲಿನ ತಗಡು ಮುದುಡಿತು. ಎಮ್ಮೆ ಮೆಲುಕು ಹಾಕುತ್ತ ಹೊರಟುಹೋಯಿತು. ಸಂತೆಯಲ್ಲೊಬ್ಬ, "ಏನ್ ಸಾವ್ಕಾರ್ರೇ, ಗಾಡಿ ತಗಂಡ್ರೋ, ಹಪ್ಪಳ ತಗಂಡ್ರೋ?" ಎಂದ. ಸಂತೆಯೇ ನಕ್ಕಿತು. ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡಳು.

ಸಂತೆ ಎಂದರೆ ಗೊತ್ತಲ್ಲ, ಅಲ್ಲಿ ಮಾತು ಮಾರಾಟವಾಗುವಷ್ಟು ಬೇಗ ಬದನೆಕಾಯಿ ಮಾರಾಟವಾಗುವುದಿಲ್ಲ. ಸಂಜೆಯೊಳಗೆ ಸುತ್ತಲಿನ ಎಲ್ಲ ಊರಲ್ಲೂ ಅವನು 'ಹಪ್ಪಳದ ಸಾವ್ಕಾರ' ಆಗಿಬಿಟ್ಟ. ತಗಡಿನ ಸುಕ್ಕು ಅವನನ್ನು ಅಷ್ಟು ಕಾಡಲಿಲ್ಲ. ಈ ಹೆಸರು ಕಾಡಿತು.

ಗಾಡಿ ಕೊಂಡ ಕಡೆ ಹೋಗಿ ಜಗಳ ತೆಗೆದ. ಅಲ್ಲಿನ ಮೆಕ್ಯಾನಿಕ್ ನಕ್ಕು, "ಯಜಮಾನ್ರೇ, ಕೂರೋ ಜಾಗ ಗಟ್ಟಿ ಇರ್ಬೇಕು, ಮುಂದ್ಗಡೆ ಮೂತಿ ಮುದುಡ್ಬೇಕು. ಹಂಗೇ ಮಾಡಿರೋದು ಅದನ್ನ. ಪೆಟ್ಟು ಅದು ತಿಂದ್ರೆ, ನೀವು ತಿನ್ನೋದು ತಪ್ತದೆ" ಎಂದ. ವ್ಯಾಪಾರಿ ಮನಸ್ಸಿನಲ್ಲೇ, ಪೊಳ್ಳು ಕಡಲೆಕಾಯಿ ಅಳೆದುಕೊಟ್ಟು ಹೊರಲು ಹಗುರ ಎಂದು ಹೊಗಳುವ ಜಾತಿಯವನು ಇವನು ಎಂದುಕೊಂಡ. ವ್ಯಾಪಾರಿಗೆ ಇನ್ನೊಬ್ಬ ವ್ಯಾಪಾರಿಯ ಸತ್ಯವೂ ಸುಳ್ಳಾಗಿಯೇ ಕೇಳುತ್ತದೆ.

ಅಲ್ಲಿಂದ ನೇರವಾಗಿ ಹೆದ್ದಾರಿ ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೋದ. ಆ ವೆಲ್ಡರ್ ಬಳಿ ಎಲ್ಲ ರೋಗಕ್ಕೂ ಒಂದೇ ಮದ್ದು, ಕಬ್ಬಿಣ. ಗೇಟು ವಾಲಿತೆಂದು ಹೋದವರಿಗೂ ಅದೇ, ಮಂಚ ಕಿರುಗುಟ್ಟುತ್ತದೆಂದು ಹೋದವರಿಗೂ ಅದೇ. ವ್ಯಾಪಾರಿಯ ದುಃಖವನ್ನು ಕೇಳಿ ಅವನು ಮೀಸೆ ತಿರುವಿದ. "ಎಮ್ಮೆ ಹಂಗಿರ್ಲಿ ಸಾವ್ಕಾರ್ರೇ, ಆನೆ ಬಂದು ಗುದ್ಲಿ. ಆನೇನೇ ಆಸ್ಪತ್ರೆ ಸೇರ್ಬೇಕು, ಹಂಗ್ ಮಾಡ್ಕೊಡ್ತೀನಿ" ಎಂದ.

ಮಾಡಿಯೂ ಕೊಟ್ಟ. ಮುಂದೆ ಸೇತುವೆ ಕೆಲಸದಲ್ಲಿ ಉಳಿದ ದಪ್ಪ ತೊಲೆ, ಅದರ ಮೇಲೆ ಕೊಳವೆಗಳ ಬೇಲಿ. ಮುಂದೆ ಭಾರವಾಯಿತೆಂದು ಹಿಂದೆಯೂ ಒಂದು ತೊಲೆ. ಹಿಂದೆ ಮುಂದೆ ಆದಮೇಲೆ ಬಾಗಿಲುಗಳು ಬೇಸರಪಟ್ಟುಕೊಳ್ಳಬಾರದೆಂದು ಅವಕ್ಕೂ ಹಲಗೆಯಂಥ ತಗಡು. ಬೇಲಿ ದೀಪವನ್ನು ಮರೆಮಾಡಿತೆಂದು ತಲೆಯ ಮೇಲೆ ಬೇರೆ ದೀಪ. ಮೊಟ್ಟೆ ಹೊರಲು ಬಂದ ಗಾಡಿ ಕಬ್ಬಿಣ ಹೊರತೊಡಗಿತು. ಮಿಕ್ಕ ಜಾಗದಲ್ಲಿ ಹಿಡಿದಷ್ಟು ಮೊಟ್ಟೆ.

ಆಯುಧಪೂಜೆ ಬಂತು. ಎಲ್ಲರೂ ಗಾಡಿಯ ಮುಂದೆ ಕಲ್ಲಿನ ಮೇಲೆ ತೆಂಗಿನಕಾಯಿ ಒಡೆದರೆ, ವ್ಯಾಪಾರಿ ಬಂಪರಿನ ಮೇಲೆಯೇ ಒಡೆದ. ಒಂದೇ ಏಟಿಗೆ ಕಾಯಿ ಚೂರುಚೂರು, ನೀರು ಅವನ ಪಂಚೆಯ ಮೇಲೆ. ಬಂಪರಿನ ಬಣ್ಣ ಕೂಡ ಹೋಗಲಿಲ್ಲ. ಸೇರಿದವರೆಲ್ಲ ಬಂಪರನ್ನು ನೋಡಿ ಭೇಷ್ ಎಂದರು. ಕಾಯಿಯ ಗತಿ ಏನಾಯಿತೆಂದು ಯಾರೂ ನೋಡಲಿಲ್ಲ, ಪ್ರಸಾದವೆಂದು ಆರಿಸಿಕೊಂಡು ತಿಂದರು.

ನ್ಯಾಯವಾಗಿ ಹೇಳಬೇಕು, ಮರುಳಸಿದ್ಧ, ಲಾಭವೂ ಇತ್ತು. ಸಂತೆಯಲ್ಲಿ ಎತ್ತಿನ ಗಾಡಿಯ ಮೂಕಿ ತಾಗಿದರೆ ಏನೂ ಆಗುತ್ತಿರಲಿಲ್ಲ. ಗೋಡೆಗೆ ಉಜ್ಜಿದರೆ ಗೋಡೆಯೇ ಕಿತ್ತು ಬರುತ್ತಿತ್ತು. ಕಾಡುದಾರಿಯಲ್ಲಿ ಹಂದಿ ಅಡ್ಡ ಬಂದರೆ ಇಂಥದ್ದು ಬೇಕೇ ಬೇಕು ಎನ್ನುವವರಿದ್ದಾರೆ, ಇರಲಿ. ಆದರೆ ನಮ್ಮ ವ್ಯಾಪಾರಿ ಓಡಾಡುತ್ತಿದ್ದ ಸೀಮೆಯಲ್ಲಿ ಕಾಡೂ ಇರಲಿಲ್ಲ, ಹಂದಿಯೂ ಇರಲಿಲ್ಲ. ಇದ್ದದ್ದು ಶಾಲೆಗೆ ಹೋಗುವ ಮಕ್ಕಳು, ಸೈಕಲ್ಲಿನವರು, ಆಡು ಕುರಿ. ಒಮ್ಮೆ ಸೈಕಲ್ಲಿನವನೊಬ್ಬ ತಿರುವಿನಲ್ಲಿ ಬಂಪರಿಗೆ ಮೊಣಕಾಲು ತಾಗಿಸಿಕೊಂಡ. ತಗಡಾಗಿದ್ದರೆ ತರಚುತ್ತಿತ್ತು, ಕಬ್ಬಿಣವಾದ್ದರಿಂದ ಕಾಲು ಕುಂಬಳಕಾಯಾಯಿತು. ವ್ಯಾಪಾರಿ ಇಳಿದು ಮೊದಲು ಬಂಪರ್ ಒರೆಸಿದ.

ಹೆಂಡತಿ ಆ ದಿನ ದಾರಿಯಲ್ಲಿ ಮಾತಾಡಲಿಲ್ಲ. ಅವನಿಗೆ ಅದು ತಿಳಿಯಲೂ ಇಲ್ಲ. ಈಗ ರಸ್ತೆಯಲ್ಲಿ ಎಲ್ಲರೂ ಅವನಿಗೆ ದಾರಿ ಬಿಡುತ್ತಿದ್ದರು. ಮೊದಲು ಅಂಗಡಿಯವರು ಗಾಡಿಯ ಕಿಟಕಿಗೆ ಕೈಯೂರಿ, ಮಕ್ಕಳ ಮದುವೆ, ಮಳೆ, ಮೊಟ್ಟೆ ಬೆಲೆ ಎಲ್ಲ ಮಾತಾಡುತ್ತಿದ್ದರು. ಈಗ ಬಾಗಿಲ ಕಬ್ಬಿಣ ಬಿಸಿಲಿಗೆ ಕಾದ ಹೆಂಚು. ಯಾರೂ ಕೈಯೂರುತ್ತಿರಲಿಲ್ಲ. ಅವನು ಅದನ್ನೂ ಮರ್ಯಾದೆ ಎಂದುಕೊಂಡ.

ಹೀಗಿರುವಾಗ ಒಂದು ದಿನ ಹಾಡಹಗಲಲ್ಲೇ ಒಂದು ಆಡು ಅಡ್ಡ ಬಂತು. ಜೋರೇನೂ ಇರಲಿಲ್ಲ, ಸಂತೆಗೆ ಹೋಗುವ ಎಂದಿನ ಓಟ. ಅವನು ಬ್ರೇಕ್ ತುಳಿದ. ಗಾಡಿಗೆ ನಿಲ್ಲುವ ಮನಸ್ಸೇನೋ ಇತ್ತು, ಮೈ ತುಂಬ ಹೊತ್ತ ಕಬ್ಬಿಣ ನಿಲ್ಲಗೊಡಲಿಲ್ಲ. ಆಡು ತಪ್ಪಿಸಲು ಪಕ್ಕಕ್ಕೆ ತಿರುಗಿಸಿದ. ಪಕ್ಕದಲ್ಲಿ ಹುಣಸೇಮರ ಇತ್ತು. ಅದು ಬ್ರಿಟಿಷರ ಕಾಲದಿಂದಲೂ ಯಾರಿಗೂ ದಾರಿ ಬಿಟ್ಟದ್ದಲ್ಲ.

ಪೆಟ್ಟು ಎಂದಮೇಲೆ ಅದು ಎಲ್ಲಾದರೂ ಇಳಿಯಲೇಬೇಕು. ಜಗಲಿಯಲ್ಲಿ ಕೂರಿಸದೆ ಅಟ್ಟಿದರೆ ಒಳಮನೆಗೇ ನುಗ್ಗುತ್ತದೆ. ಬಂಪರ್ ಬಗ್ಗಲಿಲ್ಲ, ಬೇಲಿ ಮುದುಡಲಿಲ್ಲ, ಗಾಡಿ ಗಕ್ಕೆಂದು ನಿಂತಿತು. ಒಳಗಿದ್ದವರು ನಿಲ್ಲಲಿಲ್ಲ. ವ್ಯಾಪಾರಿಯ ಬಾಯಿ ಸ್ಟಿಯರಿಂಗಿಗೆ ಬಡಿದು ಮುಂದಿನ ಹಲ್ಲು ಹೋದವು. ಹೆಂಡತಿಯ ಬಲಗೈ ಮುರಿಯಿತು. ಇಬ್ಬರೂ ಬೆಲ್ಟ್ ಹಾಕಿದ್ದರಿಂದ ಕತೆ ಮುಂದುವರಿಯಿತು, ಇಲ್ಲದಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ಹಿಂದಿದ್ದ ಮೊಟ್ಟೆಯೆಲ್ಲ ಒಡೆದು ಹಳದಿಯ ಹೊಳೆ ಗಾಡಿಯ ತಳದಿಂದ ಹರಿದು ಬಂತು. ಆಡು ಪಕ್ಕದಲ್ಲಿ ನಿಂತು ನೋಡುತ್ತಿತ್ತು.

ಜನ ಓಡಿ ಬಂದರು. ಬಂದವರು ಗಾಡಿಯ ಮುಂದೆ ಬಗ್ಗಿ ನೋಡಿ ದಂಗಾದರು. ಮರದ ತೊಗಟೆ ಕಿತ್ತು ಬಂದಿತ್ತು, ಬಂಪರ್ ಹೊಚ್ಚ ಹೊಸದು. ಒಬ್ಬ ಅದನ್ನು ಸವರಿ ನೋಡಿದ, ಇನ್ನೊಬ್ಬ ತಟ್ಟಿ ನೋಡಿದ, ಮತ್ತೊಬ್ಬ ಮೊಬೈಲಿನಲ್ಲಿ ಫೋಟೋ ಹಿಡಿದ. ಒಳಗಿರುವವರನ್ನು ಹೊರಗೆಳೆಯಬೇಕೆಂದು ಆಮೇಲೆ ನೆನಪಾಯಿತು. ವ್ಯಾಪಾರಿಯನ್ನು ಇಳಿಸಿ ಮರದ ನೆರಳಿಗೆ ಮಲಗಿಸಿದರು. ಅವನು ಕಣ್ಣು ಬಿಟ್ಟ. ಹೆಂಡತಿ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನ ಪಕ್ಕದಲ್ಲೇ ಕುಳಿತಿದ್ದಳು. ಅವನು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದಳು.

ಅವನು ಬಾಯಿ ತೆರೆದು, "ಬಂಪರ್ ಹೆಂಗೈತೆ?" ಎಂದ.

"ಒಂದ್ ಗೀಟೂ ಬಿದ್ದಿಲ್ಲ ಸಾವ್ಕಾರ್ರೇ!" ಎಂದು ಜನ ಒಕ್ಕೊರಲಿಂದ ಕೂಗಿದರು. ವ್ಯಾಪಾರಿ ತೃಪ್ತಿಯಿಂದ ನಕ್ಕ. ನಗಲು ಬೇಕಾದ ಹಲ್ಲುಗಳು ಮಾತ್ರ ಇರಲಿಲ್ಲ. ಹೆಂಡತಿ ಆ ನಗುವನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಜನ ಕೈ ನೋವಿಗೆ ಎಂದುಕೊಂಡರು.

ಆಸ್ಪತ್ರೆಗೆ ವೆಲ್ಡರ್ ಬಾಳೆಹಣ್ಣು ಹಿಡಿದುಕೊಂಡು ಬಂದ. ಬಂಪರಿನ ಫೋಟೋವನ್ನು ದೊಡ್ಡದು ಮಾಡಿಸಿ ಅಂಗಡಿಯ ಬೋರ್ಡಿಗೆ ಹಾಕಿಸಿದ್ದನಂತೆ. ಗಿರಾಕಿ ಹೆಚ್ಚಿದ್ದಾರೆ, ನಿಮ್ಮ ಪುಣ್ಯ ಎಂದು ಕೈಮುಗಿದ. ಹಲ್ಲಿಲ್ಲದ ವ್ಯಾಪಾರಿ ಬಾಳೆಹಣ್ಣನ್ನು ಚೀಪುತ್ತ ಯೋಚಿಸಿದ. ಅವನಿಗೂ ಬುದ್ಧಿ ಬಂದಿರಬೇಕು ಎಂದು ನೀನು ಅಂದುಕೊಂಡಿರುತ್ತೀಯ. ಬಂತು. ಹೊರಗೆ ಗಟ್ಟಿ ಮಾಡಿದ್ದಾಯಿತು, ಒಳಗೆ ಮಾಡಿಸದೆ ಬಿಟ್ಟಿದ್ದೇ ತಪ್ಪು ಎಂಬ ಬುದ್ಧಿ ಬಂತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಗಾಡಿಯ ಒಳಗೂ ಕಬ್ಬಿಣದ ಪಂಜರ ಕಟ್ಟಿಸಿದ.

ಕೆಲಸ ಮುಗಿದ ದಿನ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಹಾರನ್ ಬಾರಿಸಿ ಹೆಂಡತಿಯನ್ನು ಕರೆದ.

"ಬಾರೆ, ಹತ್ತು. ಈಗ ಒಳಗೂ ಕಬ್ಣ ಹಾಕ್ಸಿದೀನಿ. ನೊಣ ಕೂಡ ಅಲುಗಾಡಂಗಿಲ್ಲ."

ಹೆಂಡತಿ ಹೊಸ್ತಿಲಲ್ಲೇ ನಿಂತಳು. "ಒಂದ್ ಕೆಲ್ಸ ಮಾಡಿ. ಗಾಡೀಲಿರೋ ಹುಲ್ಲೆಲ್ಲ ತೆಗ್ದಾಕಿ, ಮೊಟ್ಟೆನ ಬರೀ ಕಬ್ಣದ್ ಡಬ್ಬೀಲಿ ತುಂಬ್ಕಂಡು ಸಂತೆ ಮುಟ್ಸಿ ತೋರ್ಸಿ. ಅವು ಉಳುದ್ರೆ ನಾನೂ ಬತ್ತೀನಿ" ಎಂದಳು.

ಹುಟ್ಟಿದಾಗಿನಿಂದ ಮೊಟ್ಟೆ ಸಾಗಿಸಿದವನಿಗೆ ಉತ್ತರ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಸಿಟ್ಟು ಬಂತು. "ಬರ್ದಿದ್ರೆ ಬಿಡು, ನಂಗೇನು!" ಎಂದು ಗಾಡಿ ಎತ್ತಿಕೊಂಡು ಹೋದ. ಹೆಂಡತಿ ಒಂದು ಬುಟ್ಟಿಗೆ ಹುಲ್ಲು ಹಾಸಿ ತನ್ನ ಕೈಲಾದಷ್ಟು ಮೊಟ್ಟೆ ಜೋಡಿಸಿಕೊಂಡು, ಬಸ್ಸು ಹತ್ತಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಬಸ್ಸಿನಲ್ಲಿ ಪಕ್ಕದವರಿಗೆ ಊರಿನ ಸುದ್ದಿ ಹೇಳುತ್ತ ಹೋದಳು. ಅವನು ದಾರಿಯಲ್ಲಿ ಏನೋ ನೆನಪಾಗಿ ನಕ್ಕು, ಪಕ್ಕಕ್ಕೆ ತಿರುಗಿ, "ಅಲ್ಲ ಕಣೇ..." ಎಂದ. ಪಕ್ಕದ ಸೀಟಿನಲ್ಲಿ ವೆಲ್ಡರ್ ಮರೆತು ಬಿಟ್ಟುಹೋದ ಸುತ್ತಿಗೆ ಇತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ದಾಸೋಹದ ಕಡೆಯಿಂದ ಊಟದ ಗಂಟೆ ಕೇಳಿಸಿತು. ಮರುಳಸಿದ್ಧ ಏಳಲಿಲ್ಲ. "ಕೊನೆಗಾದರೂ ಅವನು ಆ ಕಬ್ಬಿಣ ಬಿಚ್ಚಿಸಿದನೇ ಗುರುಗಳೇ?" ಎಂದು ಕೇಳಿದ.

"ಇಲ್ಲ. ಆ ಗಾಡಿಗೆ ಇವತ್ತಿನವರೆಗೂ ಏನೂ ತಾಗಿಲ್ಲ, ಮರುಳಸಿದ್ಧ, ಹೆಂಡತಿಯ ಕೈ ಕೂಡ."