ಶಾಮಿಯಾನದ ಮಾದೇಶ ಹುಡುಗರ ಮಾತು ಕಲಿತದ್ದು

ಒಂದು ಊರು. ಹೆಸರು ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ, ಬೇಡ. ಆ ಊರಲ್ಲಿ ಪುಟ್ಟಮಾದಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಮಾದೇಶ. ಆಳು ಗಟ್ಟಿ. ತಲೆಯ ವಿಚಾರ ನಿಮಗೇ ಗೊತ್ತಾಗುತ್ತದೆ.

ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಅದೇ ಕಷ್ಟ. ಹಿಟ್ಟಿನ ಗಿರಣಿಯವನು ಮೂರು ದಿನ ಇಟ್ಟುಕೊಂಡ. ಹೋಟೆಲಿನವನು ಒಂದೂವರೆ ದಿನ. ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಕೂಗಿ ಬಸ್ಸು ಹತ್ತಿಸುವ ಕೆಲಸ ಕೊಟ್ಟರು. ಹತ್ತಿಸಿದ. ಬೇಡ ಅಂದವರನ್ನೂ ಹತ್ತಿಸಿದ.

ಕೊನೆಗೆ ಉಳಿದದ್ದು ಗುರುಮಲ್ಲಪ್ಪನ ಶಾಮಿಯಾನ ಅಂಗಡಿ. ಮದುವೆ, ನಾಮಕರಣ, ಸಾವು, ಏನಿದ್ದರೂ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಅಲ್ಲಿಂದಲೇ ಹೋಗಬೇಕು. ಪುಟ್ಟಮಾದಮ್ಮ ಹೋಗಿ ಕೈ ಮುಗಿದಳು.

"ಯಜಮಾನ್ರೇ, ಇದೂ ಹೋದ್ರೆ ಈ ಊರಲ್ಲಿ ಇವನಿಗೆ ಬೇರೆ ಬಾಗಿಲಿಲ್ಲ."

"ಮೈ ಬಗ್ಗಿಸ್ತಾನಾ?"

"ಬಗ್ಗು ಅಂದ್ರೆ ಬಗ್ಗುತಾನೆ. ಏಳು ಅನ್ನೋದನ್ನ ಮಾತ್ರ ಮರೀಬೇಡಿ."

ಗುರುಮಲ್ಲಪ್ಪ ಇಟ್ಟುಕೊಂಡ.

ಮೊದಲ ದಿನ ಹಾಸ್ಟೆಲ್ ಹುಡುಗರ ಹುಟ್ಟುಹಬ್ಬ. ಮಾದೇಶ ಕಂಬ ನೆಟ್ಟ, ಬಟ್ಟೆ ಕಟ್ಟಿದ, ಕುರ್ಚಿ ಹಾಕಿದ. ಒಬ್ಬ ಹುಡುಗ ಬಂದು ಕೇಳಿದ.

"ಹೆಂಗಿದೆ ಮಗಾ ಸೆಟಪ್ಪು?"

ಮಾದೇಶ ಯೋಚಿಸಿದ. "ನಿಮಗೆ ಹತ್ತೊಂಬತ್ತು ಇರಬೋದು. ನಂಗೆ ಇಪ್ಪತ್ತಾರು. ನಾನು ನಿಮಗೆ ಮಗ ಹೆಂಗಾಗ್ತೀನಿ? ಆ ಕಡೆ ಕಂಬ ವಾಲಿದೆ. ಗಾಳಿ ಬಂದ್ರೆ ಬೀಳ್ತದೆ."

ಹುಡುಗರು ನೇರ ಅಂಗಡಿಗೆ ಬಂದರು. "ಅಂಕಲ್, ನಿಮ್ ಆಳು ಫುಲ್ ಬೋರು. ಮುಂದಿನ ಸಲ ಬೇರೆ ಕಡೆ ನೋಡ್ಕೋತೀವಿ."

ಗುರುಮಲ್ಲಪ್ಪ ಮಾದೇಶನನ್ನು ಕರೆದ. "ದಡ್ಡ ಮುಂಡೇದೆ, ಹಾಸ್ಟೆಲ್‌ನಲ್ಲಿ ತಿಂಗಳಿಗೆ ನಾಲ್ಕು ಹುಟ್ಟುಹಬ್ಬ. ಅವು ಹೋದ್ರೆ ನೀನೂ ಹೋದೆ ಅಂತ್ಲೇ ತಿಳ್ಕೋ. ಹುಡುಗರ ಹತ್ರ ಹುಡುಗರ ಮಾತಾಡಬೇಕು. ಹೆಗಲ ಮೇಲೆ ಕೈ ಹಾಕು. 'ಸಕ್ಕತ್ ಮಗಾ, ನೆಕ್ಸ್ಟ್ ಲೆವೆಲ್' ಅನ್ನು."

"ಹಂಗಂದ್ರೆ ಏನು ಯಜಮಾನ್ರೇ?"

"ನಂಗೂ ಗೊತ್ತಿಲ್ಲ. ಅವರಿಗೂ ಗೊತ್ತಿರಲಾರದು. ನೀನು ಅನ್ನು."

"ಸರಿ ಯಜಮಾನ್ರೇ."

ಮಾರನೆಯ ದಿನ ಗಾಡಿಯಲ್ಲಿ ಕುರ್ಚಿಗಳ ಮೇಲೆ ಕೂತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಸಕ್ಕತ್ ಮಗಾ, ನೆಕ್ಸ್ಟ್ ಲೆವೆಲ್. ಸಕ್ಕತ್ ಮಗಾ, ನೆಕ್ಸ್ಟ್ ಲೆವೆಲ್.

ಗಾಡಿ ನಿಂತದ್ದು ಹೆಡ್‌ಮಾಸ್ಟರ್ ಶಂಕರನಾರಾಯಣಯ್ಯನವರ ಮನೆ ಮುಂದೆ. ಎಪ್ಪತ್ತು ತುಂಬಿದ್ದಕ್ಕೆ ಶಾಂತಿ ಇಟ್ಟುಕೊಂಡಿದ್ದರು. ಹೊಸ ಪಂಚೆ ಉಟ್ಟು ಹೊರಗೆ ಬಂದವರು, "ಚಪ್ಪರ ಚೆನ್ನಾಗಿ ಬಂತೇನಪ್ಪಾ?" ಅಂದರು.

ಮಾದೇಶ ಹೋಗಿ ಹೆಗಲ ಮೇಲೆ ಕೈ ಹಾಕಿದ. "ಸಕ್ಕತ್ ಮಗಾ. ನೆಕ್ಸ್ಟ್ ಲೆವೆಲ್."

ಮೂವತ್ತೆರಡು ವರ್ಷ ಮಕ್ಕಳ ಕಿವಿ ಹಿಂಡಿದ ಕೈ ಅದು. ಮರೆತಿರಲಿಲ್ಲ. ಮಾದೇಶ ಒಂದು ಕಿವಿ ಕೆಂಪಗೆ ಮಾಡಿಕೊಂಡು ಅಂಗಡಿಗೆ ಬಂದ.

"ಹಿರೀಕರಿಗೆ ಹಂಗಂತಾರೇನೋ?" ಗುರುಮಲ್ಲಪ್ಪ ಬೈದ. "ವಯಸ್ಸಾದೋರು ಕೂತಿದ್ರೆ ಹೋಗಿ ಕಾಲಿಗೆ ಬೀಳು. 'ತಾತ, ಆಶೀರ್ವಾದ ಮಾಡಿ' ಅನ್ನು. ಅವರು ತಲೆ ಮೇಲೆ ಕೈ ಇಡೋ ತನಕ ಏಳಬೇಡ."

"ಸರಿ ಯಜಮಾನ್ರೇ."

ಮಾರನೆಯ ದಿನ ಗಾಡಿ ಪಟೇಲ ಮಹದೇವಪ್ಪನವರ ಮನೆಗೆ ಹೋಯಿತು. ದಾರಿಯುದ್ದಕ್ಕೂ ಬಾಯಿಪಾಠ. ತಾತ, ಆಶೀರ್ವಾದ ಮಾಡಿ.

ಪಟೇಲರು ಹಿಂದಿನ ದಿನ ತೀರಿಕೊಂಡಿದ್ದರು. ಅವರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಪಟೇಲರು ಜಗಲಿಯಲ್ಲಿ ನೆಟ್ಟಗೆ ಕೂತಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ತಲೆಗೆ ರುಮಾಲು. ಮಾದೇಶ ನೋಡಿದ. ವಯಸ್ಸಾದವರು, ಕೂತಿದ್ದಾರೆ. ಹೋಗಿ ಕಾಲಿಗೆ ಬಿದ್ದ.

"ತಾತ, ಆಶೀರ್ವಾದ ಮಾಡಿ."

ತಾತ ಮಾಡಲಿಲ್ಲ. ಮಾದೇಶ ಏಳಲಿಲ್ಲ.

ಕಾಲು ಗಂಟೆ ಆಯಿತು. ಭಜನೆಯವರು ಒಂದು ಪದ ಮುಗಿಸಿ ಇನ್ನೊಂದು ಹಿಡಿದರು. ಪಟೇಲರ ಗಂಡುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮಗಿಂತ ಹೆಚ್ಚು ದುಃಖಪಡುವವನು ಯಾರು ಅಂತ ಅವರಿಗೆ ಬೇರೆ ಯೋಚನೆ ಬಂತು. ಪಟೇಲರ ಹೆಂಡತಿಗೂ ಬಂತು.

"ಯಾರ ಮಗನಪ್ಪಾ ನೀನು?" ಅಂದಳು ಆಕೆ.

"ಪುಟ್ಟಮಾದಮ್ಮನ ಮಗ ಕಣವ್ವ."

"ಅಪ್ಪ ಯಾರು ಅಂತ ಕೇಳಿದ್ದು."

"ಅವರು ಮೊದಲು ತಲೆ ಮೇಲೆ ಕೈ ಇಡಲಿ, ಆಮೇಲೆ ಹೇಳ್ತೀನಿ."

ಭಜನೆ ನಿಂತುಹೋಯಿತು. ಕೊನೆಗೆ ಮೊಮ್ಮಗನೊಬ್ಬ ಬೇಸತ್ತು ಪಟೇಲರ ಕೈಯನ್ನೇ ಎತ್ತಿ ಮಾದೇಶನ ತಲೆಯ ಮೇಲೆ ಇಟ್ಟು ತೆಗೆದ. ಮಾದೇಶ ಎದ್ದ. ಮೊಣಕಾಲು ಒರೆಸಿಕೊಂಡ. ಹೊರಡುವಾಗ ಹೇಳಿದ, "ಹೋಗಿ ಬರ್ತೀನಿ ತಾತ. ಹಿಂಗೇ ಆಗಾಗ ಕರೀತಿರಿ."

ಆ ದಿನ ಗುರುಮಲ್ಲಪ್ಪ ಕೋಲು ತೆಗೆದುಕೊಂಡಿದ್ದ. ಪುಟ್ಟಮಾದಮ್ಮ ಅಡ್ಡ ಬಂದಳು. "ಇನ್ನೊಂದು ಸಲ ಯಜಮಾನ್ರೇ. ಹೇಳೋದನ್ನ ಸರಿಯಾಗಿ ಹೇಳಿ, ಸಾಕು."

"ಇನ್ನು ಹೆಂಗಮ್ಮ ಹೇಳೋದು?" ಅಂದ ಗುರುಮಲ್ಲಪ್ಪ. ಆದರೂ ಹೇಳಿದ. "ಅಂಥಾ ಕಡೆ ಮಾತೇ ಆಡಬಾರದು ಕಣೋ. ತಲೆ ತಗ್ಗಿಸಿ ನಿಂತ್ಕೋ. ಟವಲಿಂದ ಕಣ್ಣೊರೆಸ್ಕೋ. ಬರುವಾಗ ಬರ್ತೀನಿ ಅನ್ನಬೇಡ, ಸುಮ್ಮನೆ ಬಾ."

"ಸರಿ ಯಜಮಾನ್ರೇ."

ಮಾರನೆಯ ದಿನ ಮತ್ತೆ ಹಾಸ್ಟೆಲ್ ಹುಡುಗರು. ಕಬಡ್ಡಿಯಲ್ಲಿ ಕಪ್ಪು ಗೆದ್ದಿದ್ದರು. ತಮಟೆ, ಕುಣಿತ. ಮಾದೇಶ ಶಾಮಿಯಾನ ಕಟ್ಟಿ ಒಂದು ಕಂಬದ ಪಕ್ಕ ತಲೆ ತಗ್ಗಿಸಿ ನಿಂತ. ಟವಲಿಂದ ಕಣ್ಣೊರೆಸಿಕೊಂಡ.

"ಯಾಕ್ ಮಗಾ, ಡಲ್ಲು?"

ಮಾದೇಶ ಮಾತಾಡಲಿಲ್ಲ. ಇನ್ನೊಂದು ಸಲ ಒರೆಸಿಕೊಂಡ.

"ಯಾರಿಗೇನಾಯ್ತು ಗುರು? ಹೇಳು."

ಹೇಳಲಿಲ್ಲ. ತಮಟೆ ನಿಂತಿತು. ಒಬ್ಬ ಊರಿಗೆ ಫೋನು ಹಚ್ಚಿದ. ಅವನನ್ನು ನೋಡಿ ಎಲ್ಲರೂ ಹಚ್ಚಿದರು. ಒಬ್ಬನ ಅವ್ವ ಹೊಲದಲ್ಲಿದ್ದಳು, ಫೋನು ಎತ್ತಲಿಲ್ಲ. ಅವನು ಕಪ್ಪು ಬಿಟ್ಟು ಬಸ್ಸು ಹತ್ತಿದ. ಮಾದೇಶ ಬರ್ತೀನಿ ಅನ್ನದೆ ಬಂದುಬಿಟ್ಟ.

ಗುರುಮಲ್ಲಪ್ಪನಿಗೆ ಬೈಯಲೂ ಸುಸ್ತಾಗಿತ್ತು. "ಇದೇ ಕಡೇ ಸಲ. ನಿನಗೆ ಸ್ವಂತ ಮಾತೇ ಬೇಡ. ಶಾಮಿಯಾನದ ಕೆಳಗೆ ಎದುರಿಗಿರೋರು ಏನಂತಾರೋ ಅದನ್ನೇ ನೀನೂ ಅನ್ನು. ಒಂದಕ್ಷರ ಹೆಚ್ಚು ಕಮ್ಮಿ ಆಗಬಾರದು."

"ಸರಿ ಯಜಮಾನ್ರೇ."

ಆ ವಾರ ಹಾಸ್ಟೆಲ್‌ನಲ್ಲಿ ಇನ್ನೊಂದು ಹುಟ್ಟುಹಬ್ಬ.

"ಏನ್ ಮಗಾ."

"ಏನ್ ಮಗಾ."

"ಸಕ್ಕತ್ ಗುರು."

"ಸಕ್ಕತ್ ಗುರು."

"ಲೈಫು ಅಂದ್ರೆ ಇಷ್ಟೇ ಅಲ್ವಾ ಬ್ರೋ."

"ಲೈಫು ಅಂದ್ರೆ ಇಷ್ಟೇ ಅಲ್ವಾ ಬ್ರೋ."

ಹೀಗೆ ಅರ್ಧ ಗಂಟೆ ನಡೆಯಿತು. ಹುಡುಗರು ಅವನಿಗೆ ಕೇಕು ತಿನ್ನಿಸಿದರು, ಮುಖಕ್ಕೂ ಬಳಿದರು. ಗುರುಮಲ್ಲಪ್ಪನಿಗೆ ಹೇಳಿದರು, "ಅಂಕಲ್, ಈ ಊರಲ್ಲಿ ನಮ್ ಮಾತು ಅರ್ಥ ಆಗೋನು ಇವನೊಬ್ಬನೇ."

ಪುಟ್ಟಮಾದಮ್ಮ ಆ ದಿನ ಪಾಯಸ ಮಾಡಿದಳು.

ಮರುದಿನ ಮದುವೆ. ಹೆಣ್ಣಿನ ತಂದೆ ಬೆವರು ಒರೆಸಿಕೊಳ್ಳುತ್ತ ಬಂದರು.

"ನೂರು ಕುರ್ಚಿ ಕಮ್ಮಿ ಇದಾವಲ್ಲಪ್ಪಾ."

"ನೂರು ಕುರ್ಚಿ ಕಮ್ಮಿ ಇದಾವಲ್ಲಪ್ಪಾ," ಅಂದ ಮಾದೇಶ.

"ಅದೇ ನಾನೂ ಹೇಳ್ತಿರೋದು. ಬೀಗರು ನಿಂತಿದ್ದಾರೆ."

"ಅದೇ ನಾನೂ ಹೇಳ್ತಿರೋದು. ಬೀಗರು ನಿಂತಿದ್ದಾರೆ."

"ನಿನಗೆ ನಾಚಿಕೆ ಆಗಲ್ವಾ?"

"ನಿನಗೆ ನಾಚಿಕೆ ಆಗಲ್ವಾ?"

ಬೀಗರು ಇದನ್ನು ಕೇಳಿಸಿಕೊಂಡರು. ನಾವು ಕೇಳಬೇಕಾದ್ದನ್ನು ಆ ಹುಡುಗನೇ ಕೇಳಿದ ಅಂದರು. ಮಾತು ಬೆಳೆಯಿತು. ಯಾರೋ ಗುರುಮಲ್ಲಪ್ಪನಿಗೆ ಹೇಳಿಕಳಿಸಿದರು. ಅವನು ನೂರು ಕುರ್ಚಿ ಹೇರಿಕೊಂಡು ಬಂದು, ಇಳಿಸಿ, ಎರಡೂ ಕಡೆಯವರಿಗೆ ಕೈ ಮುಗಿದು, ಶಾಮಿಯಾನದ ಕೆಳಗೆ ಮಾದೇಶನ ಎದುರಿಗೆ ಬಂದು ನಿಂತ.

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ಅಂಗಡಿ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ."

"ಅಂಗಡಿ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ."

ಗುರುಮಲ್ಲಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮಾದೇಶ ಊಟ ಮುಗಿಸಿ, ಶಾಮಿಯಾನ ಬಿಚ್ಚಿ, ಕುರ್ಚಿ ಎಣಿಸಿ, ಸಂಜೆ ಮನೆಗೆ ಬಂದ. ಪುಟ್ಟಮಾದಮ್ಮನಿಗೆ ಅಷ್ಟರಲ್ಲೇ ಸುದ್ದಿ ಮುಟ್ಟಿತ್ತು. ಬಾಗಿಲಲ್ಲೇ ಕೂತಿದ್ದಳು.

"ಕೆಲಸ ಹೋಯ್ತಂತಲ್ಲೋ."

"ಹೂಂ ಕಣವ್ವ." ಮಾದೇಶ ಪಕ್ಕದಲ್ಲಿ ಕೂತ. "ಬೇಜಾರಾಗ್ತದೆ. ಬರಬೇಡ ಅಂದೆ, ಒಂದು ಮಾತೂ ಎದುರಾಡದೆ ಹೋಗ್ಬಿಟ್ರು. ಈ ವಯಸ್ಸಲ್ಲಿ ಯಜಮಾನ್ರಿಗೆ ಯಾರು ಕೆಲಸ ಕೊಡ್ತಾರೆ? ನೀನೇ ಹೋಗಿ ಆ ಗಿರಣಿಯವನನ್ನ ಒಂದು ಮಾತು ಕೇಳವ್ವ."