ಎತ್ತುವ ಮೊದಲು

ಕಾಡಿನ ಹಾದಿಗೆ ಉರುಳಿಬಿದ್ದ ಮತ್ತಿಮರದ ದಿಮ್ಮಿಯ ಕೆಳಗೆ ಒಂದು ಮುದಿ ಆಮೆ ಸಿಕ್ಕಿಕೊಂಡಿತ್ತು. ಅದರ ಕೂಗು ಕೇಳಿ ಗಜಧೀರನೆಂಬ ಪ್ರಾಯದ ಸಲಗ ಓಡಿಬಂತು. ತನ್ನ ಬಲದ ಮೇಲೆ ಅದಕ್ಕೆ ಎಲ್ಲಿಲ್ಲದ ನಂಬಿಕೆ. ಬಂದದ್ದೇ ತಡ, ದಿಮ್ಮಿಗೆ ಸೊಂಡಿಲು ಹಾಕಿ ಒಮ್ಮೆಲೇ ಜಗ್ಗಿತು. ದಿಮ್ಮಿ ಗೇಣುದ್ದ ಎದ್ದು, ಸೊಂಡಿಲಿನಿಂದ ಜಾರಿ, ಮತ್ತೆ ಆಮೆಯ ಮೇಲೆಯೇ ಬಿತ್ತು. ಚಿಪ್ಪು ಚಟ್ಟೆಂದಿತು. ಸಲಗದ ನಡುವೂ ಉಳುಕಿದಂತಾಯಿತು.

“ತಾಳಿಕೋ ಅಜ್ಜ, ಇನ್ನೊಮ್ಮೆ ಜಗ್ಗುತ್ತೇನೆ,” ಎಂದಿತು ಸಲಗ.

“ಬೇಡ ಮಗು. ಇನ್ನೊಮ್ಮೆ ಬಿದ್ದರೆ ನಾನು ಉಳಿಯುವುದಿಲ್ಲ,” ಎಂದಿತು ಆಮೆ. “ಬಲ ಸಾಲದೆ ಇದು ಬೀಳಲಿಲ್ಲ. ಮೈ ಸಡಿಲವಾಗಿರುವಾಗಲೇ ನೀನು ಎತ್ತಲು ಹೊರಟೆ. ಮೊದಲು ನಾಲ್ಕೂ ಕಾಲು ಊರು. ಸೊಂಡಿಲನ್ನು ಬಿಗಿಯಾಗಿ ಸುತ್ತು. ಹೊಟ್ಟೆ ತುಂಬ ಉಸಿರೆಳೆದು ಹಿಡಿ. ಆದರೆ ಈಗಲೇ ಎತ್ತಬೇಡ.”

ಸಲಗಕ್ಕೆ ನಾಚಿಕೆಯಾಯಿತು. ಆದರೂ ಹೇಳಿದಂತೆಯೇ ಮಾಡಿತು. ಪಾದಗಳು ಮಣ್ಣನ್ನು ಕಚ್ಚಿ ಹಿಡಿದವು. ಹೊಟ್ಟೆ ಬಿಗಿಯಿತು, ಬೆನ್ನು ಬಿಗಿಯಿತು, ಕತ್ತೂ ಬಿಗಿಯಿತು. ತಾನೂ ದಿಮ್ಮಿಯೂ ಒಂದೇ ಮೈಯೆಂದು ಅದಕ್ಕೆ ಅನ್ನಿಸಿತು.

“ಅಬ್ಬಾ, ಭಾರ ಇಳಿಯಿತು!” ಎಂದು ಆಮೆ ಕೆಳಗಿನಿಂದ ಉದ್ಗರಿಸಿತು.

ತಾನಿನ್ನೂ ಎತ್ತಿಯೇ ಇಲ್ಲವಲ್ಲ ಎಂದು ಸಲಗ ಅಚ್ಚರಿಯಿಂದ ಕಣ್ಣನ್ನಷ್ಟೇ ಹೊರಳಿಸಿ ನೋಡಿತು.

“ಮೈ ಬಿಗಿದಾಗಲೇ ಅರ್ಧ ಎತ್ತಿಯಾಗಿದೆ ಮಗು. ಉಳಿದರ್ಧ ಈಗ ಎತ್ತು.”

ಸಲಗ ಎತ್ತಿತು. ದಿಮ್ಮಿ ಒಂದಿಷ್ಟೂ ಓಲಾಡದೆ ಅದರ ಜೊತೆಗೇ ಮೇಲೆ ಬಂತು. ಆಮೆ ತನ್ನ ಎಂದಿನ ನಡಿಗೆಯಲ್ಲಿ, ನಡುವೆ ಒಮ್ಮೆ ನಿಂತು ಸುಧಾರಿಸಿಕೊಂಡು, ಆಚೆಗೆ ಬರುವವರೆಗೂ ಗಜಧೀರ ದಿಮ್ಮಿಯನ್ನು ಹಾಗೆಯೇ ಎತ್ತಿ ಹಿಡಿದು ನಿಂತಿತ್ತು.