ಸಾಕು ಅಂದಳಲ್ಲ ಅವ್ವ

ಕೇಳೋರು ಹತ್ತಿರ ಬನ್ನಿ, ನಗೋರು ಸ್ವಲ್ಪ ತಡೀರಿ. ಪೆದ್ದನ ಕತೆ ಅಂದ ಕೂಡಲೇ ಹಲ್ಲು ಕಿರಿಯೋದು ನಿಮಗೆ ಅಭ್ಯಾಸ. ಈ ಕತೆ ಹೇಳ್ತಾ ನಮ್ಮಜ್ಜಿ ನಕ್ಕಿದ್ದನ್ನ ಮಾತ್ರ ನಾನು ಕಾಣೆ.

ಒಂದೂರಲ್ಲಿ ನಿಂಗಾಜಮ್ಮ ಅನ್ನೋ ಮುದುಕಿ. ಅವಳಿಗೊಬ್ಬ ಮಗ, ಈರಬೋರ, ಊರ ಎಮ್ಮೆ ಕಾಯೋನು. ನೆಟ್ಟಗೆ ಹೋಗು ಅಂದರೆ ನೆಟ್ಟಗೆ ಹೋಗೋನು, ಗೋಡೆ ಸಿಕ್ಕಿದರೆ ಗೋಡೆಗೆ ಹಣೆ ಇಟ್ಟು ನಿಲ್ಲೋನು. ಅಂಥವನಿಗೂ ಮದುವೆಯಾಯ್ತು, ಒಂದು ಹೆಣ್ಣು ಕೂಸು ಹುಟ್ಟಿತು. ಹೆತ್ತವಳು ಬಾಣಂತನದಲ್ಲೇ ಹೋದಳು. ಅವಳ ಅಕ್ಕ ಜವನಮ್ಮ ಬಂದು ಅತ್ತಳು, ಕಣ್ಣು ಒರೆಸಿಕೊಂಡು ಖಂಡಿತವಾಗಿ ಹೇಳಿ ಹೋದಳು: ಸುಗ್ಗಿ ಮುಗಿದ ಮೇಲೆ ಬರ್ತೀನಿ, ಕೂಸು ಸೊರಗಿದ್ದರೆ ನನ್ನ ಮನೆಗೆ ಎತ್ಕೊಂಡು ಹೋಗ್ತೀನಿ, ಈ ದಡ್ಡನ ಕೈಲಿ ಬಿಡಲ್ಲ.

ಆವತ್ತಿಂದ ನಿಂಗಾಜಮ್ಮನಿಗೆ ಅದೇ ಚಿಂತೆ. ಎದೆ ಕೆಮ್ಮು ಬೇರೆ. ಕೈಯಲ್ಲಿ ಕಾಸಿಲ್ಲದೆ ಕೂಸು ಸಾಕೋದು ಹೇಗೆ ಅಂತ ತಾನು ಹೋಗೋದರೊಳಗೆ ಮಗನಿಗೆ ಕಲಿಸಬೇಕು.

ಮೊದಲು ಕೂಸಿನ ಅಂಗಿಗೆ ಅಂತ ಬಟ್ಟೆ ಕೊಟ್ಟು ಟೈಲರ್ ಚೆಲುವಯ್ಯನ ಹತ್ತಿರ ಕಳಿಸಿದಳು. ಬೆಳೆಯೋ ಕೂಸು, ದೊಡ್ಡದಾಗೇ ಹೊಲಿಸು, ಮುಂದಕ್ಕೂ ಬರ್ತದೆ ಅಂದಳು. ಈರಬೋರ ದಾರಿ ಪೂರ್ತಿ ಯೋಚಿಸಿದ. ಕೂಸು ಎಷ್ಟು ಬೆಳೆದೀತು? ಬೆಳೆದರೆ ಅವ್ವನಷ್ಟು. ಸರಿ, ಅವ್ವನ ಅಳತೆಗೆ ಹೊಲಿಸಿ ತಂದ. ಮುದುಕಿ ಹಣೆ ಚಚ್ಚಿಕೊಂಡಳು. ಬೈದು ಬೈದು ಕೊನೆಗೆ ಆ ಅಂಗಿಯನ್ನ ರವಿಕೆ ಅಂತ ತಾನೇ ತೊಟ್ಟಳು. ಇನ್ನು ಮೇಲೆ ಏನೇ ತಂದರೂ ಕೂಸಿಗೆ ಹಾಕಿ ನೋಡಿ ತಗೋ ಅಂತ ಬುದ್ಧಿ ಹೇಳಿದಳು.

ಮಾರನೇ ದಿನ ಹಾಲು ತರೋಕೆ ಕಳಿಸಿದಳು. ಇವನು ಕೂಸನ್ನೂ ಎತ್ಕೊಂಡು ಹೋದ. ಪಾವು ಹಾಲು ಅಳೆಸಿಕೊಂಡು, ಅಲ್ಲೇ ಕೂಸಿನ ನೆತ್ತಿ ಮೇಲೆ ಹಾಕಿ ನೋಡಿದ. ಹಾಲೆಲ್ಲ ಹರಿದುಹೋಯ್ತು. ಸರಿಹೋಗಲಿಲ್ಲ ಕಣವ್ವ, ನಿಲ್ಲಲೇ ಇಲ್ಲ ಅಂತ ಬರೀ ಚೊಂಬು ಹಿಡ್ಕೊಂಡು ಬಂದ. ಲೋ ಮಂಕೇ, ತಿನ್ನೋದು ಕುಡಿಯೋದು ಮೈಗಲ್ಲ, ಹೊಟ್ಟೆಗೆ ಹೋಗಬೇಕು ಅಂತ ಮುದುಕಿ ಕೆಮ್ಮಿ ಕೆಮ್ಮಿ ಬೈದಳು. ಹೊಟ್ಟೆಗೆ, ಹೊಟ್ಟೆಗೆ ಅಂತ ಇವನು ಬಾಯಿಪಾಠ ಮಾಡಿದ.

ಆಮೇಲೆ ಹುರಿಗಡಲೆ. ರಾಗಿ ಜೊತೆ ಬೀಸಿ ಕೂಸಿಗೆ ಗಂಜಿ ಹಾಗೆ ಸರಿ ಕಾಯಿಸಿದರೆ ಹಾಲಿನ ಖರ್ಚು ಉಳೀತದೆ, ಕೂಸೂ ಮೈ ತುಂಬ್ತದೆ ಅಂತ ಮುದುಕಿಯ ಲೆಕ್ಕ. ಈರಬೋರ ಬರಿಗೈಲಿ ಬಂದ. ಕಡಲೆ ಎಲ್ಲಿ ಅಂದರೆ ಹೊಟ್ಟೆಗೆ ಹೋಯ್ತು ಅಂದ. ಯಾರ ಹೊಟ್ಟೆಗೆ ಅಂದರೆ ತನ್ನ ಹೊಟ್ಟೆ ಮುಟ್ಟಿ ತೋರಿಸಿದ. ಯಾರದು ಅಂತ ಅವ್ವ ಹೇಳಿರಲಿಲ್ಲವಲ್ಲ!

ಈ ಸಲ ಮುದುಕಿ ಬೈಯಲಿಲ್ಲ. ಬೈಯೋ ಶಕ್ತಿ ಮುಗಿದಿತ್ತು. ಅವನ ತಲೆ ನೇವರಿಸಿ ಅತ್ತಳು.

"ನಿನ್ನನ್ನ ನಾನು ಹೊಟ್ಟೆ ಬಟ್ಟೆ ಕಟ್ಟಿ ಸಾಕಿದೆ ಕಣೋ ಮಗ. ನೀನೂ ಹಾಗೇ ಸಾಕು."

ಈರಬೋರ ಎದ್ದ. ಅವ್ವನ ಹಳೇ ಸೀರೆ ತಗೊಂಡ, ಕೂಸನ್ನ ಹೊಟ್ಟೆಗೆ ಒರಗಿಸಿಕೊಂಡ, ಸೀರೆ ಸುತ್ತಿ ಬಿಗಿಯಾಗಿ ಗಂಟು ಹಾಕಿದ. ಹೊಟ್ಟೆಯೂ ಆಯ್ತು, ಬಟ್ಟೆಯೂ ಆಯ್ತು, ಕಟ್ಟಿದ್ದೂ ಆಯ್ತು. ಹಾಗೇ ಎಮ್ಮೆ ಹೊಡ್ಕೊಂಡು ಹೋದ. ಆ ಬಿಗಿಗೆ ಅವನಿಗೆ ಎರಡು ಮುದ್ದೆ ಇಳಿಯೋದು ಒಂದೇ ಇಳೀತು. ಉಳಿದ ಮುದ್ದೆಯ ರಾಗಿ ಕೂಸಿನ ಸರಿಗೆ ಬಂತು. ಎಮ್ಮೆ ಒಡೆಯರು ನಕ್ಕರು, ನಕ್ಕು ನಕ್ಕು ಕೂಸಿಗೆ ಅಂತ ಒಂದೊಂದು ಗುಟುಕು ಹಾಲು ಕೊಟ್ಟರು. ಕೂಸಿನ ಕೆನ್ನೆ ತುಂಬಿತು, ಅಪ್ಪನ ಕೆನ್ನೆ ಇಳೀತು.

ಸುಗ್ಗಿ ಮುಗಿಯೋ ಹೊತ್ತಿಗೆ ನಿಂಗಾಜಮ್ಮ ಚಾಪೆ ಹಿಡಿದಳು. ಒಂದು ಬೆಳಗ್ಗೆ ಈರಬೋರ ಗಂಜಿ ಕುಡಿಸ್ತಾ ಕೂತಿದ್ದ. ಎರಡು ಚಮಚ ಇಳಿದ ಮೇಲೆ ಅವಳು ಕೈ ಅಡ್ಡ ಹಿಡಿದು, "ಸಾಕು ಮಗ" ಅಂದಳು.

"ಸಾಕ್ತೀನಿ ಅವ್ವ" ಅಂದ ಇವನು.

ಅವಳು ಕಣ್ಣು ಮುಚ್ಚಿದಳು. ಗಂಜಿ ಸಾಕು ಅಂದಳೋ, ಕೂಸನ್ನ ಸಾಕು ಅಂದಳೋ, ಹೇಳೋಕೆ ಅವಳಿಲ್ಲ. ನಾನಂತೂ ಹೇಳಲಾರೆ.

ತಿಥಿ ಮುಗಿದ ಮಾರನೇ ದಿನ ಜವನಮ್ಮ ಬಂದಳು. ನೋಡ್ತಾಳೆ, ಕೂಸು ಇವನ ಹೊಟ್ಟೆ ಮೇಲೆ ಕಟ್ಟಿದೆ. ಬಿಚ್ಚು, ಕೊಡು ಅಂದಳು. ಕಟ್ಟು ಅಂತ ಅವ್ವ ಹೇಳಿದ್ದಾಳೆ, ಬಿಚ್ಚು ಅಂತ ಹೇಳಲಿಲ್ಲ ಅಂದ. ಅವಳೇ ಗಂಟಿಗೆ ಕೈ ಹಾಕಿದಳು. ಕೂಸು ಕಿಟಾರನೆ ಕಿರುಚಿ ಅಪ್ಪನ ಅಂಗಿ ಹಿಡ್ಕೊಂಡಿತು. ಜವನಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಬಿಡೋ ಬೋರ. ನೀನು ಸಾಕಿದ್ದು ಸಾಕು."

ಈರಬೋರನ ಮುಖ ಅರಳಿತು. ಹನ್ನೆರಡು ದಿನದಿಂದ ಅವನಿಗೆ ಬುದ್ಧಿ ಹೇಳೋರೇ ಇರಲಿಲ್ಲ.

"ಆಗಲಿ ಅಕ್ಕ, ಸಾಕ್ತೀನಿ. ಅವ್ವನೂ ಇದೇ ಮಾತು ಹೇಳಿ ಹೋದಳು."

ಅಂದವನೇ ಬಗ್ಗಿ ಅವಳ ಕಾಲು ಮುಟ್ಟಿದ, ಸಡಿಲವಾಗಿದ್ದ ಗಂಟನ್ನ ಬಿಗಿ ಮಾಡಿಕೊಂಡ, ಎಮ್ಮೆ ಹೊಡ್ಕೊಂಡು ಹೊರಟ. ಸೀರೆಯಿಂದ ತಲೆ ಹೊರಗೆ ಹಾಕಿ ತುಂಬುಗೆನ್ನೆಯ ಕೂಸು ದೊಡ್ಡಮ್ಮನನ್ನೇ ನೋಡ್ತಿತ್ತು. ಜವನಮ್ಮ ಬಾಗಿಲಲ್ಲೇ ನಿಂತಿದ್ದಳು. ಕರೆಯೋಕೆ ಬಾಯಿ ತೆಗೆದಳಂತೆ, ಕರೆಯಲಿಲ್ಲವಂತೆ.